ಬಾಣ ಬಾರದ ಸೊನ್ನೆ

ಪಿಎಚ್‌ಡಿ ಮುಗಿದ ಮೇಲೂ ನನ್ನ ಓದು ಮುಗಿಯದ್ದಕ್ಕೆ
ನೀಲವ್ವತ್ತಿ ಒಂದು ಹೆಸರು ಹುಡುಕಿಕೊಂಡಿದ್ದಾಳೆ:
'ನಮ್ಮ ಹುಡುಗಿ ಪೋಸ್ಟ್ ಡಾಕ್ಟರ್ ಅದಾಳ್ರೀ.'
'ಅಂದ್ರ ಪೋಸ್ಟಾಫೀಸಿನ ಮಂದಿಗೆ ಸೂಜಿ ಮಾಡತಾಳೇನ?'
ಕೇಳಿದವಳು ಎದುರುಮನೆಯ ಚಂಪಕ್ಕ.
ಅತ್ತಿ ಹೂಂ ಅಂದುಬಿಟ್ಟಳು. ಸಲೀಸು.

ಬಾಗಲಕೋಟೆ ನವನಗರ, ಸೆಕ್ಟರ್ ಮೂವತ್ತೇಳು.
ಮನೆಗೆ ನಂಬರು, ರಸ್ತೆಗೆ ನಂಬರು, ತಿರುವಿಗೂ ನಂಬರು.
ವಿವಿಕ್ತ ಗಣಿತದವಳಿಗೆ ಇದಕ್ಕಿಂತ ಊರು ಬೇಕೆ?
ಮೂವತ್ತೇಳಾದ ಮೇಲೆ ಮೂವತ್ತೆಂಟು.
ಮೂವತ್ತೇಳೂವರೆಯಲ್ಲಿ ಯಾರೂ ಇರುವುದಿಲ್ಲ.

ರಾತ್ರಿ ಕರೆಂಟು ಹೋಗುವ ತನಕ
ಹಾಳೆಯ ಮೇಲೆ ಸೊನ್ನೆ ಬರೆಯುತ್ತೇನೆ,
ಸೊನ್ನೆಯಿಂದ ಸೊನ್ನೆಗೆ ಬಾಣ.
ಒಂದೊಂದು ಸೊನ್ನೆಯೂ ಒಂದು ಸ್ಥಿತಿ.
ಒಂದಕ್ಷರ ಓದು, ಒಂದು ಹೆಜ್ಜೆ ಇಡು,
ಬಂದ ದಾರಿ ಮರೆ.
ಪದ ಮುಗಿದಾಗ ಜೋಡಿಸೊನ್ನೆಯಲ್ಲಿ ನಿಂತಿದ್ದರೆ ಒಪ್ಪಿಗೆ,
ಇಲ್ಲದಿದ್ದರೆ ಇಲ್ಲ. ಇಷ್ಟೇ ಯಂತ್ರ.
ಇದಕ್ಕೆ ನೆನಪೆಂದರೆ ನಿಂತ ಜಾಗ ಮಾತ್ರ.

'ಏನ್ ಸ್ಥಿತಿ ಬಂತವ್ವಾ ನಿನಗ' ಅನ್ನುತ್ತಾಳೆ ಅತ್ತಿ,
'ಇಪ್ಪತ್ತೈದು ವರ್ಷ ಕಲ್ತು ಸೊನ್ನಿ ತಿದ್ದೂದು.'

ಮೊದಲ ಪಾಠಗಳಲ್ಲೇ ಹೇಳುತ್ತಾರೆ, ನಾನೂ ಹೇಳಿದ್ದೇನೆ
ವಿದ್ಯಾಗಿರಿಯ ಹುಡುಗರಿಗೆ, ತಾಸಿಗಿಷ್ಟು ಸಂಬಳಕ್ಕೆ:
ಆರಂಭದಿಂದ ಯಾವ ಬಾಣ ಹಿಡಿದರೂ
ತಲುಪಲಾಗದ ಸ್ಥಿತಿಗಳನ್ನು ಅಳಿಸಿಬಿಡಿ.
ಯಂತ್ರದ ಭಾಷೆ ಒಂದಕ್ಷರವೂ ಬದಲಾಗುವುದಿಲ್ಲ.
ಸಾಧನೆ ಎರಡು ಸಾಲು.

ಕಿಲ್ಲಾದ ನಮ್ಮ ಮನೆ ಹಿನ್ನೀರಿಗೆ ಹೋದಾಗ
ನನಗೆ ಆರು ವರ್ಷ.
ಸರ್ವೇದವರು ಗೋಡೆಗೆ ಕೆಂಪಿನಲ್ಲಿ ಬರೆದ ನಾಲ್ಕುನೂರಾ ಹನ್ನೆರಡು
ನಾನು ತಡವರಿಸದೆ ಓದಿದ ಮೊದಲ ಮೂರಂಕಿ.
ಅತ್ತಿ ಬಾಗಿಲು, ತೊಲೆ, ಒಂದು ಕಿಟಕಿ ಚಕ್ಕಡಿಗೆ ಹೇರಿದಳು.
ಒಳಕಲ್ಲು ಏಳಲಿಲ್ಲ.
ಈಗಲೂ ಆಕೆ ಹಾದಿ ಹೇಳುವುದು ಅಲ್ಲಿಂದಲೇ:
'ಬಣಗಾರರ ಅಂಗಡಿ ದಾಟಿ, ಬೇವಿನ ಗಿಡದ ಎಡಕ್ಕ...'
ಯಾವ ಆಟೋದವನೂ ಆ ಪದ ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ನೀರಿಳಿದರೆ ಎರಡು ವಾರ
ಒಂದು ಕಟ್ಟೆ ಮೇಲೆ ಬರುತ್ತದೆ,
ಅದರ ಮೇಲೆ ಕುರಿ ನಿಲ್ಲುತ್ತವೆ.
ಒಮ್ಮೆ ಹೋಗಿ ನಾನೂ ನಿಂತೆ, ಮೀನಗಂಡದವರೆಗೆ ಕೆಸರು,
ತಲುಪಲಾಗದು ಎಂಬ ಮಾತಿಗೆ
ಮೇ ತಿಂಗಳು ಬಿಟ್ಟು, ಎಂದು ಅಡಿಟಿಪ್ಪಣಿ ಹಾಕಬಹುದೇ
ಎಂದು ಯೋಚಿಸುತ್ತ.

ನನ್ನ ಪ್ರಬಂಧಕ್ಕೆ ಪರಿಶೀಲಕರು ಬರೆದದ್ದು ಮೂರೇ ಮಾತು.
ನಾಲ್ಕನೇ ಚಿತ್ರದ ಮೂಲೆಯ ಸೊನ್ನೆಗೆ ಯಾವ ಬಾಣವೂ ಬರುವುದಿಲ್ಲ.
ತೆಗೆಯಿರಿ. ಉಳಿದದ್ದು ಸರಿ.

ಅದೇ ವಾರ, ಮಟಮಟ ಮಧ್ಯಾಹ್ನ, ಸೈಕಲ್ ಗಂಟೆ.
ರಾಜೇಸಾಬ ಅತ್ತಾರ, ನಿವೃತ್ತಿಗೆ ಏಳು ತಿಂಗಳು ಬಾಕಿ.
ಕೈಯಲ್ಲಿ ದಿಲ್ಲಿಯ ಲಕೋಟೆ: ಫೆಲೋಶಿಪ್ ಇನ್ನೊಂದು ವರ್ಷ.
ಯಾವ ಹಳೇ ಕಾಗದದಿಂದ ಎತ್ತಿದ್ದರೋ ವಿಳಾಸ,
ಮನೆ ನಂಬರು ನಾಲ್ಕುನೂರಾ ಹನ್ನೆರಡು, ಕಿಲ್ಲಾ.
ಸೆಕ್ಟರಿಲ್ಲ.

'ಇದು ಹ್ಯಾಂಗ ಮುಟ್ಟಿತು ಕಾಕಾ?'
'ಹ್ಯಾಂಗ ಅಂದ್ರ? ಕಿಲ್ಲಾಕ ಬಂತು.
ಕಿಲ್ಲಾದ ಮಂದಿ ಇಲ್ಲದಾರ. ತಂದ್ನಿ.
ಏನು, ನೀರಾಗ ಒಗದು ಬರಬೇಕಿತ್ತ?'

ಒಂದೊಂದೇ ಅಕ್ಷರ ಓದಿ ಮುಳುಗಿದ ಓಣಿಗೆ ಹೋಗಿ
ಅಲ್ಲಿಂದ ಮೂವತ್ತೇಳಕ್ಕೆ ಬಂದ ಮನುಷ್ಯ
ಪಡಸಾಲೆಯಲ್ಲಿ ಕೂತು ಬೆವರೊರೆಸಿಕೊಂಡ.
ಅತ್ತಿ ಬೆಲ್ಲ ಕೊಟ್ಟಳು, ಚರಿಗೆ ತುಂಬ ನೀರು ಕೊಟ್ಟಳು,
'ನಮ್ಮ ಹುಡುಗಿನೂ ನಿಮ್ಮ ಇಲಾಖೇದಾಕಿನ' ಅಂದಳು.
ಅವನು ನನ್ನ ಮುಖ ನೋಡಿದ. ನಾನೂ ಹೂಂ ಅಂದೆ.

ಸಂಜೆ ಉತ್ತರ ಬರೆಯಲು ಕೂತೆ.
ಸೂಚನೆಗೆ ಕೃತಜ್ಞತೆಗಳು.
ಅವರು ಹೇಳಿದ್ದು ಖರೆ, ಆ ಯಂತ್ರದ ಮಟ್ಟಿಗೆ ಖರೆ.
ರಬ್ಬರು ಹಿಡಿದು ಮೂಲೆಯ ಸೊನ್ನೆ ಅಳಿಸಿದೆ.
ಪೆನ್ಸಿಲ್ ಒತ್ತಿದ ಗೆರೆ ಹಾಳೆಯಲ್ಲಿ ತಗ್ಗಾಗಿ ಉಳಿಯಿತು,
ದೀಪಕ್ಕೆ ಓರೆ ಹಿಡಿದರೆ ಕಾಣುವಷ್ಟು.

ಮಾರ್ಚಿಗೆ ಹೊಸ ಹುಡುಗ ಬರುತ್ತಾನಂತೆ ಸೈಕಲ್ಲಿಗೆ,
ಬೀದರ ಕಡೆಯವನು.