ನಲವತ್ತಕ್ಕೆ ಒಂಬತ್ತು

ವರಾಜ್ದಾತ್ ಮಾಮ ಡಿಫರೆನ್ಶಿಯಲ್ ಬಿಚ್ಚಿದಾಗ
ಕಪ್ಪು ಎಣ್ಣೆಯ ಜೊತೆ ಹೊರಬಿತ್ತು
ಒಂದು ಹಲ್ಲು.
ಅಂಗೈಯಲ್ಲಿಟ್ಟುಕೊಂಡು ನೋಡಿದ,
ಮೊಮ್ಮಗಳ ಹಾಲುಹಲ್ಲು ನೋಡುವ ಹಾಗೆ.
"ಇದಕ್ಕೇ ಶೂಷಾನ್, ತಿಂಗಳಿಂದ ನಿನ್ನ ಗಾಡಿ
ಬೆನ್ನ ಹಿಂದೆ ಊಳಿಡುತ್ತಿದ್ದದ್ದು."

ನನ್ನದು ಹಳೇ ಝಿಗುಲಿ, ನನಗಿಂತ ಎರಡು ವರ್ಷ ಹಿರಿದು.
ಸೆವಾನ್ ಸರೋವರದ ಹೊಗೆಮೀನು ಹೇರಿಕೊಂಡು
ಸೆಲಿಮ್ ಘಟ್ಟ ದಾಟಿ ಇಳಿಯುತ್ತೇನೆ
ಯೆಘೆಗ್ನಾದ್ಜೋರಿನ ಸಂತೆಗೆ.
ಬರುವಾಗ ದ್ರಾಕ್ಷಿ, ಹದಿನಾಲ್ಕು ಪೆಟ್ಟಿಗೆ.
ಇಳಿಯುವುದಕ್ಕೆ ಯಾರ ಹಂಗೂ ಬೇಡ.
ಹತ್ತುವುದಕ್ಕೆ ಎಲ್ಲರ ಹಂಗೂ ಬೇಕು.

ಅಂಗಳದ ಮೂಲೆಯಲ್ಲಿ ಬಾಗಿಲಿಲ್ಲದ ಬಿಳಿ ಗಾಡಿಯೊಂದು,
ಉದ್ದ ಬೆನ್ನಿನದು, ಹೊರಲೆಂದೇ ಹುಟ್ಟಿದ್ದು.
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಕೋಳಿಯನ್ನೆಬ್ಬಿಸದೆ
ಕೆಳಗಿನಿಂದ ಆಕ್ಸಲ್ ಇಳಿಸಿಕೊಂಡ.

"ನಿನ್ನ ಹಳೇ ಕ್ರೌನಿಗೆ ಹಲ್ಲು ನಲವತ್ತಮೂರು, ಪಿನಿಯನ್ನಿಗೆ ಹನ್ನೊಂದು.
ಇದು ನಲವತ್ತಕ್ಕೆ ಒಂಬತ್ತು.
ಅದರಲ್ಲಿ ಚಕ್ರ ಒಂದು ಸುತ್ತು ಬರಲು
ಶಾಫ್ಟು ನಾಲ್ಕು ಸುತ್ತೂ ಪೂರ್ತಿ ತಿರುಗುತ್ತಿರಲಿಲ್ಲ.
ಇದರಲ್ಲಿ ನಾಲ್ಕೂವರೆಗೆ ಚೂರು ಕಮ್ಮಿ.
ಅಷ್ಟೇ."

ಇಂಜಿನ್ನಿಗೆ ಬಲ ಬಂದಂತಾಯಿತಲ್ಲ, ಅಂದೆ.

"ಎಲ್ಲಿಂದ ಬರುತ್ತೆ?
ಕುಡಿಯುವ ಪೆಟ್ರೋಲೂ ಅದೇ, ಕೆಮ್ಮುವ ಕೆಮ್ಮೂ ಅದೇ.
ಚಕ್ರದ ತಿರುಚಿಗೆ ಮಾತ್ರ ಏಳರಲ್ಲೊಂದು ಪಾಲು ಹೆಚ್ಚು,
ಅದನ್ನೂ ಓಟದ ಕಿಸೆಯಿಂದ ಕಿತ್ತದ್ದು.
ನೀನು ಮೀನು ತೂಗಿ ಮೇಲೆ ಹಾಕುತ್ತೀಯಲ್ಲ ಕೊಸರು,
ಕಬ್ಬಿಣಕ್ಕೆ ಅದು ಗೊತ್ತಿಲ್ಲ."

ಹಲ್ಲಿಗೆ ನೀಲಿ ಸವರಿ ಕೈಯಲ್ಲೇ ತಿರುಗಿಸಿದ.
ಒತ್ತಿದ ಗುರುತು ಹಲ್ಲಿನ ನಡುವಿಗೆ ಬೀಳುವ ತನಕ
ತೆಳು ಬಿಲ್ಲೆ ಹಾಕಿದ, ತೆಗೆದ, ಹಾಕಿದ.
ನಲವತ್ತಕ್ಕೆ ಹತ್ತು ಮಾಡಬಾರದಿತ್ತೇ, ಲೆಕ್ಕ ಸಲೀಸು?
ಸಿಗರೇಟು ಅರ್ಧ ಉರಿಯುವವರೆಗೂ ಮಾತಿಲ್ಲ.
"ಹತ್ತಾದರೆ ಪ್ರತಿ ಹಲ್ಲಿಗೂ ಸಾಯೋವರೆಗೆ ಅದೇ ನಾಲ್ಕು ಮುಖ.
ಒಂದು ಡೊಂಕಾಯಿತೋ, ಆ ನಾಲ್ಕೂ ಕೆಟ್ಟವು.
ಒಂಬತ್ತಾದರೆ ಎಲ್ಲರಿಗೂ ಎಲ್ಲರೂ ಎದುರಾಗಲೇಬೇಕು.
ನಲವತ್ತನ್ನೂ ಕಂಡು ಮುಗಿಸಿದ ಮೇಲೇ
ಮೊದಲಿನವನ ಸರದಿ.
ಸವೆದರೂ ಸಮನಾಗಿ ಸವೀತಾರೆ."
ಎದುರು ಬೀದಿಯ ತಮ್ಮನ ಹೊಸ್ತಿಲು
ಹನ್ನೆರಡು ವರ್ಷದಿಂದ ತುಳಿಯದ ಮನುಷ್ಯ
ಇದನ್ನು ಹೇಳಿದ.

ಭಾನುವಾರ ಯೆರೆವಾನ್ ಹೆದ್ದಾರಿಯಲ್ಲಿ ಬೆಲೆ ಗೊತ್ತಾಯಿತು.
ಇರುವುದೇ ನಾಲ್ಕು ಗೇರು; ಇಲ್ಲದ ಐದನೆಯದಕ್ಕಾಗಿ
ಇಂಜಿನ್ನು ದಾರಿಯುದ್ದ ಕಿರುಚಿತು.
ಮುಳ್ಳು ನೂರು ಅನ್ನುತ್ತಿತ್ತು,
ಗಡಿಯಾರ ಹಿಡಿದು ಕಿಲೋಮೀಟರು ಕಲ್ಲು ಎಣಿಸಿದರೆ
ಎಂಬತ್ತೆಂಟು.
ಕುರಿ ತುಂಬಿದ ಲಾರಿಯೂ ಹಿಂದೆ ಹಾಕಿತು.
ಕುರಿಗಳು ನನ್ನನ್ನೇ ನೋಡುತ್ತ ದೂರವಾದವು.
ಹೋಗಿ ಮುಟ್ಟುವಷ್ಟರಲ್ಲಿ ಅಕ್ಕನ ಮಗನ ದೀಕ್ಷಾಸ್ನಾನ ಮುಗಿದು
ಮಗು ಒಣಗಿತ್ತು, ನಿದ್ದೆ ಹೋಗಿತ್ತು.
"ಆ ಸುಳ್ಳು ಮುಳ್ಳು ಸರಿಮಾಡಿಸು" ಅಂದ ಭಾವ.
ಇರಲಿ ಬಿಡು, ಒಬ್ಬರಾದರೂ ನನ್ನನ್ನು ಹೊಗಳಲಿ.

ಮಂಗಳವಾರ ಘಟ್ಟ.
ಒಂದು ಕಾಲಕ್ಕೆ ಒಂಟೆಗಳು ತಂಗುತ್ತಿದ್ದ ಕಲ್ಲಿನ ಛತ್ರ,
ಅದರ ಕೆಳಗಿನ ತಿರುವು.
ಇಷ್ಟು ವರ್ಷ ಗಾಡಿ ಅಲ್ಲೇ ಏದುಸಿರು ಬಿಟ್ಟು
ಒಂದನೇ ಗೇರಿಗೆ ಅಂಗಲಾಚುತ್ತಿದ್ದದ್ದು.
ಕ್ಲಚ್ಚಿನ ಮೇಲೆ ಕಾಲು, ಕೋಲಿನ ಮೇಲೆ ಕೈ
ತಾವಾಗಿಯೇ ಹೋದವು.

ಗಾಡಿ ಕೇಳಲಿಲ್ಲ.

ಎರಡರಲ್ಲೇ, ಒಂದೇ ರಾಗದಲ್ಲಿ,
ಹದಿನಾಲ್ಕು ಪೆಟ್ಟಿಗೆಯಲ್ಲಿ ಒಂದು ಕಾಯೂ ಉರುಳದಂತೆ
ಏರಿತು. ಕೈ ಕೋಲಿನ ಮೇಲೇ ಇತ್ತು
ಘಟ್ಟದ ತುದಿಯವರೆಗೆ,
ನೆಂಟರ ಮನೆಯಲ್ಲಿ ಕೆಲಸ ಹೇಳದ ಕೈಯ ಹಾಗೆ.
ರೇಡಿಯೇಟರಿಗೆಂದು ತಂದ ಕ್ಯಾನಿನ ನೀರು
ಅಲ್ಲೊಂದು ಮುಳ್ಳುಗಿಡಕ್ಕೆ ಸುರಿದೆ.

ಮುಂದಿನ ವಾರ
ತಲೆಯ ಮೇಲೂ ಹಗ್ಗ ಬಿಗಿದು
ಇಪ್ಪತ್ತನಾಲ್ಕು ಪೆಟ್ಟಿಗೆ ಹೇರಿದೆ.
ಛತ್ರದ ತಿರುವಿನಲ್ಲಿ
ಗಾಡಿ ಕೇಳಿತು.