ಕೋಲು ಮುರಿಯುವ ಶಾಸ್ತ್ರ

ತಿಂಗಳ ಎರಡನೇ ಭಾನುವಾರ, ಕಾಟನ್‌ಪೇಟೆಯಲ್ಲಿ,
ಬ್ಯಾಂಡ್‌ಸೆಟ್ಟಿನವರ ಅಂಗಡಿ ಮೇಲೆ ನಮ್ಮ ಸಂಘ.
ಹದಿನಾಲ್ಕು ಜಾದೂಗಾರರು, ಅದರಲ್ಲಿ ಹದಿಮೂರು ಪ್ರೊಫೆಸರುಗಳು.
ಕಾಲೇಜು ಮೆಟ್ಟಿಲು ಹತ್ತಿದವನು ತಿಪ್ಪೇಶಿ ಒಬ್ಬನೇ,
ಅಲ್ಲಿ ಅಟೆಂಡರು.
ಹೆಸರಿನ ಮುಂದೆ ಏನೂ ಹಚ್ಚಿಕೊಳ್ಳದವನೂ ಅವನೊಬ್ಬನೇ.

ಒಬ್ಬ ಎದ್ದು ಇಸ್ಪೀಟಿನ ಎಕ್ಕ ತೋರಿಸಿದರೆ
ಎಕ್ಕವನ್ನು ಯಾರೂ ನೋಡುವುದಿಲ್ಲ,
ಅವನ ಇನ್ನೊಂದು ಕೈ ನೋಡುತ್ತೇವೆ.
ಚಪ್ಪಾಳೆಯ ಮಾತೇ ಇಲ್ಲ.
"ಹಳೇದು" ಅನ್ನುತ್ತಾನೆ ಬಷೀರ್, ಪ್ರತಿ ಸಲವೂ.
"ಈ ಕಡೆಯಿಂದ ಕಾಣ್ತು" ಅನ್ನುತ್ತಾನೆ ಮುನಿನಂಜಪ್ಪ,
ಎರಡೂ ಕಣ್ಣಿಗೆ ಪೊರೆ ಬಂದವನು.

ಗುಟ್ಟು ಬಿಡೆವೆಂದು ಕರ್ಪೂರ ಹಚ್ಚಿ ಆಣೆ ಮಾಡಿದವರು ನಾವು.
ಅದೇ ಗುಟ್ಟು ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಮುನ್ನೂರೈವತ್ತು,
ಚೌಕಾಸಿಗೆ ನಿಂತರೆ ಇನ್ನೂರಕ್ಕೆ ಎರಡು.
ಕೊಂಡ ರಾತ್ರಿ ಡಬ್ಬಿ ಬಿಚ್ಚಿ, "ಇಷ್ಟೇನಾ?" ಎಂದು ಮುಚ್ಚಿ
ಬೀರುವಿಗೆ ತುರುಕುತ್ತೇವೆ.
ನನ್ನ ಬೀರು ತುಂಬ ಇಷ್ಟೇನಾಗಳು.

ಫಾರಿನ್ನಿಂದ ತರಿಸಿದ ಹುಸಿ ಹೆಬ್ಬೆರಳು
ದೊರೆಗಳ ಕೆನ್ನೆ ಬಣ್ಣದ್ದು. ನನ್ನ ಕೈ ನೇರಳೆ ಹಣ್ಣು.
ಮೂವತ್ತು ವರ್ಷ ಅದನ್ನೇ ತೊಟ್ಟು ನಿಂತಿದ್ದೇನೆ.
ಎಚ್ಚೆಸ್ಸಾರ್ ಲೇಔಟಿನ ಒಂದು ಹುಟ್ಟುಹಬ್ಬದಲ್ಲಿ
ಪುಟ್ಟ ಹುಡುಗಿ ಕೇಳಿದಳು: "ಅಂಕಲ್, ಬೆರಳು ಸುಟ್ಕೊಂಡ್ರಾ?"
ಹೂಂ ಪುಟ್ಟಿ, ಅಂದೆ.
ಬಗ್ಗಿ ಉಫ್ ಎಂದು ಊದಿದಳು.
ಆ ಸಂಜೆ ನಡೆದ ಮಂತ್ರ ಅದೊಂದೇ.

ಮೋಸಹೋದವರು "ಟೋಪಿ ಹಾಕಿದ" ಅನ್ನುತ್ತಾರೆ.
ನಾವು ಪಾಪ, ಟೋಪಿ ತೆಗೆದು ಖಾಲಿ ತೋರಿಸುವವರು.
ಈ ಊರಲ್ಲಿ ಕೆರೆಯ ಮೇಲೆ ಕರವಸ್ತ್ರ ಹಾಸಿ,
ಎತ್ತಿ, ಬಸ್ ಸ್ಟ್ಯಾಂಡು ತೋರಿಸಿದವರಿದ್ದಾರೆ.
ಅವರನ್ನು ಯಾರೂ ಪ್ರೊಫೆಸರ್ ಅನ್ನಲಿಲ್ಲ.

ಹೋದ ಆಷಾಢದಲ್ಲಿ ನರಹರಿ ತೀರಿಕೊಂಡ.
ಎಚ್‌ಎಂಟಿಯಲ್ಲಿ ಫಿಟ್ಟರಾಗಿದ್ದವನು; ಗುಜರಿ ತಗಡಿನಲ್ಲಿ
ತಾನೇ ಪೆಟ್ಟಿಗೆ ಮಾಡಿ, ಇಪ್ಪತ್ತಾರು ವರ್ಷ
ಹೆಂಡತಿ ಕಮಲಾಕ್ಷಿಯನ್ನು ಎರಡು ತುಂಡು ಮಾಡಿದ.
ಮಡಚಿಕೊಂಡು ಒಳಗೆ ಮಲಗಿದವಳಿಗೆ ಸೊಂಟನೋವು,
ಗರಗಸ ಹಿಡಿದವನಿಗೆ ಶಾಲು.

ಸತ್ತ ಜಾದೂಗಾರನ ಮುಂದೆ ಅವನ ಕೋಲು ಮುರಿಯಬೇಕಂತೆ,
ಹೊರದೇಶದ ಪದ್ಧತಿ. ಕಾರ್ಯದರ್ಶಿ ಎಲ್ಲೋ ಓದಿದ್ದ.
ವಿಲ್ಸನ್ ಗಾರ್ಡನ್ ಚಿತಾಗಾರದಲ್ಲಿ ಅಧ್ಯಕ್ಷರ ಭಾಷಣ,
ಮಂತ್ರಕ್ಕಿಂತ ಉಗುಳು ಹೆಚ್ಚು,
ಮುಂದೆ ನಿಂತವರು ಮುಖ ಒರೆಸಿಕೊಂಡೆವು.
ಆಮೇಲೆ ಕೋಲು.
ಅವಸರದಲ್ಲಿ ತಂದದ್ದು ಸ್ಪ್ರಿಂಗಿನದು, ಮುರಿಯುವ ಜಾತಿಯಲ್ಲ.
ಬಗ್ಗಿಸಿದರು, ಮಂಡಿ ಕೊಟ್ಟರು, ಕಾಲಡಿ ಇಟ್ಟು ಒತ್ತಿದರು.
ಫಟ್ಟನೆ ಜಾರಿ, ನೆಟ್ಟಗೆ ಸಿಡಿದು
ಅಧ್ಯಕ್ಷರ ಕೂದಲನ್ನು ಹಾರಿಸಿಕೊಂಡು ಹೋಯಿತು.

ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ವಿಗ್ಗು.
ಸಂಘ ನೆಟ್ಟಗೆ ಕಾಪಾಡಿದ ಗುಟ್ಟು ಅದೊಂದೇ.

ಮೊದಲು ನಕ್ಕವಳು ಕಮಲಾಕ್ಷಿ.
"ಸದ್ಯ, ಇವತ್ತೊಂದು ದಿನ ಇವರ ಟೈಮಿಂಗು ಸರಿಹೋಯ್ತು"
ಎಂದು ಕೋಲು ಎತ್ತಿಕೊಂಡಳು.
ಅದು ಅಂಗೈಗಿಳಿದದ್ದು, ಅಲ್ಲಿಂದ ಸೆರಗಿಗೋ ಇನ್ನೆಲ್ಲಿಗೋ ಹೋದದ್ದು
ಹದಿಮೂರು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ.
ನಾವು ಯಾವತ್ತೂ ಅವಳ ಕೈ ನೋಡಿದವರೇ ಅಲ್ಲ.

ಕಬ್ಬಿಣದ ಬಾಗಿಲು ಮೇಲೆದ್ದಿತು. ಹಲಗೆ ಒಳಗೆ ಸರಿಯಿತು. ಬಾಗಿಲು ಇಳಿಯಿತು.
ಕಸುಬಿನ ಚಾಳಿ ನೋಡಿ,
ಎಲ್ಲರೂ ಪಕ್ಕಕ್ಕೆ ಬಾಗಿ ಇಣುಕಿದೆವು
ಹಿಂದುಗಡೆ ಇನ್ನೊಂದು ಬಾಗಿಲಿದೆಯೇನೋ ಎಂದು.

"ಹಳೇದು" ಅಂದ ಬಷೀರ್.
ಸ್ವಲ್ಪ ಹೊತ್ತು ಬಿಟ್ಟು, ಚಪ್ಪಲಿ ಹುಡುಕುತ್ತಾ,
"ಆದ್ರೂ ಗೊತ್ತಾಗ್ಲಿಲ್ಲ ನೋಡು."