ಗಾಡಿ ಒಂಬತ್ತು ತಾಸು ತಡ

ನಸುಕಿನ ಐದಕ್ಕ ಸೊಲ್ಲಾಪುರ ಸ್ಟೇಶನ್ನಿನ್ಯಾಗ
ನಾವು ನಾಲ್ಕು ಮಂದಿ, ಹನ್ನೊಂದು ಗಂಟು.
ದಿಲ್ಲಿ ಕಡೆ ಮಂಜು ಬಿದ್ದೈತಂತ,
ಗಾಡಿ ಒಂಬತ್ತು ತಾಸು ಲೇಟಂತ.
ಮರಾಠಿಯೊಳಗ ಹೇಳಿದರು, ಹಿಂದಿಯೊಳಗ ಹೇಳಿದರು,
ನಾಗಮಣಿ ತೆಲುಗಿನೊಳಗ ಬೈದಳು,
ಸುಗಲಾ ಕನ್ನಡದಾಗ ನಕ್ಕಳು:
"ನಾವು ಮಂಜು ನೋಡಾಕ ಹೊಂಟೀವಿ,
ಮಂಜ ನಮ್ಮನ್ನ ನೋಡಾಕ ಅರ್ಧಾ ದಾರಿ ಬಂದೈತಿ. ಬರಲಿ ಬಿಡ."

ನಾಲ್ಕು ವರ್ಷದ ಭಿಶಿ ರೊಕ್ಕ.
ಅಕ್ಕಲಕೋಟ ರೋಡಿನ ಶೆಡ್ಡಿನ್ಯಾಗ ಕುಂತು
ಟವೆಲ್ಲಿಗೆ ಅಂಚು ಹೊಲಿದದ್ದು, ಡಜನ್ ಲೆಕ್ಕ.
ಒಬ್ಬಾಕಿ ಫ್ರಿಜ್ಜು ಅಂದಿದ್ದಳು, ಒಬ್ಬಾಕಿ ಬೋರಮಾಳ.
ಶರೀಫಾ ಮೊಬೈಲ್ ಮುಂದ ಹಿಡಿದಳು:
"ಕಾಲಿಗೆ ಹಲಗಿ ಕಟಗೊಂಡು
ಗುಡ್ಡದಿಂದ ಹೆಂಗ ಜಾರತಾರ ನೋಡ್ರೇ.
ಹೆಂಗಸರು. ನಮ್ಮಷ್ಟ ದಪ್ಪ."
ಆ ಕಡೀ ಮಾತಿಗೆ ಎಲ್ಲಾರೂ ಹೂಂ ಅಂದೆವು.

"ಅದಕ್ಕ ಸ್ಕೀ ಅಂತಾರ" ಅಂದೆ ನಾನು.
"ಕೀ? ಯಾವ ಬಾಗಲದ್ದು?" ಅಂದಳು ಸುಗಲಾ.

ಹನ್ನೊಂದಕ್ಕ ಬಿಸಿಲು ಪ್ಲಾಟ್‌ಫಾರ್ಮ್ ಏರಿತು.
ಚೀಲದಾಗ ಹಿಡಿಸಲಿಲ್ಲಂತ ಎರಡೆರಡು ಸ್ವೆಟರು
ಮೈಮ್ಯಾಲೆ ಹಾಕ್ಕೊಂಡು ಬಂದಿದ್ದೆ ನಾನು,
ಬೆನ್ನಾಗ ಬೆವರಿನ ಹಳ್ಳ.
ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಿಚ್ಚಿದೆವು,
ಶೇಂಗಾ ಚಟ್ನಿ, ಹಿಂಡಿದ ಕಾಯಿಪಲ್ಯ.
ನೆಳ್ಳಿಗೆ ಕುಂತ ಹಮಾಲನಿಗೂ ಒಂದು ಕೊಟ್ಟೆವು.

"ಎಲ್ಲಿಗವ್ವಾ?"
"ಬರ್ಫಕ್ಕ."
"ಅಲ್ಲಿ ಯಾರದಾರ?"

ಯಾರದಾರ.
ಮಿರಜಕ್ಕ ಹೋಗಿದ್ದೆ, ದವಾಖಾನಿಯೊಳಗ ಮಾವ ಇದ್ದರು.
ಕಲಬುರಗಿಗೆ ಹೋಗಿದ್ದೆ, ತಂಗಿ ಬಾಣಂತನ.
ಪಂಢರಪುರಕ್ಕ ಹೋದರೂ
ವಿಠಲ ಇಟ್ಟಂಗಿ ಮ್ಯಾಲೆ ಕಾಯಕೋತ ನಿಂತಿದ್ದ.
ನಮ್ಮನ್ನ ಕಾಯೂ ಮಂದಿ ಇಲ್ಲದ ಊರಿಗೆ
ನಾವು ನಾಲ್ವರೂ ಇವತ್ತಿನ ತನಕ ಟಿಕೀಟ ತಗದಿಲ್ಲ.

"ಯಾರೂ ಇಲ್ಲಪಾ."
"ಮತ್ತ ಯಾಕ ಹೊಂಟೀರಿ?"
"ಯಾರೂ ಇಲ್ಲ, ಅದಕ್ಕ."
ಅವ ರೊಟ್ಟಿ ಮುರದ, ಮುಂದ ಕೇಳಲಿಲ್ಲ.

ಮಧ್ಯಾಹ್ನ ನಳದ ಹತ್ತರ, ನೀರು ಚೆಲ್ಲಿದ ಫರಶಿ ಮ್ಯಾಲೆ
ಶರೀಫಾನ ಸಾಳಿ ಸುರು ಆತು:
"ಮೊಣಕಾಲ ಮಡಚ್ರಿ. ಕೈ ಮುಂದ.
ಮೊದಲ ಬೀಳೂದು ಕಲೀಬೇಕಂತ."
"ಅದು ಬರತೈತಿ, ಮುಂದಿಂದು ಹೇಳ" ಅಂದಳು ಸುಗಲಾ.
ಟಿಸಿ ನೋಡಿದ. ನಾಯಿ ನೋಡಿತು.
ನಾಗಮಣಿ ಚಪ್ಪಲಿ ಬಿಟ್ಟು ಎರಡು ಮಾರು ಜಾರಿ
ಕಂಬ ಹಿಡಕೊಂಡು ನಿಂತು ಕೆಮ್ಮಿದಳು.

ಇಪ್ಪತ್ತೆಂಟು ವರ್ಷದ ಹತ್ತಿ ಆಕಿ ಎದಿಯಾಗ.
ಥಂಡಿಗೆ ಹೋಗಬ್ಯಾಡ ಅಂದಾನ ಡಾಕ್ಟರ.
ಅದನ್ನ ಆಕಿ ನಮಗ ಹೇಳಿಲ್ಲ.
ಸೆರಗಿನ ಮರಿಗೆ ಆಕಿ ಎಳಕೊಳ್ಳೂ ಪಂಪು
ನಾವು ನೋಡೀವಂತ ನಾವೂ ಹೇಳಿಲ್ಲ.
ಸುಗಲಾ ಸುಮ್ಮನ ತನ್ನ ಮಫ್ಲರ್ ಬಿಚ್ಚಿ
ಅದರ ಹರಿದ ಅಂಚಿಗೆ ಸೂಜಿ ಹಾಕಾಕ ಕುಂತಳು,
ಮುಗಿಸಿ, ಅಳತಿ ನೋಡೂ ನೆವಕ್ಕ
ನಾಗಮಣಿ ಕೊಳ್ಳಿಗೆ ಸುತ್ತಿ, ತಿರುಗಿ ಕೇಳಲೇ ಇಲ್ಲ.

ಮೂರಕ್ಕ ಗಾಡಿ ಬಂತು, ಎರಡು ನಿಮಿಷದ ಗಾಡಿ.
ಗಂಟು ಮೊದಲೋ ಮಂದಿ ಮೊದಲೋ, ಹೋ ಅಂತ ಗದ್ದಲ.
ಮೆಟ್ಟಲ ಎತ್ತರ. ನಾಗಮಣಿ ಕೈ ಕೊಡಬ್ಯಾಡ್ರಿ ಅಂದಳು,
ಮೊಣಕಾಲ ಮಡಚಿದಳು, ಕೈ ಮುಂದ ಮಾಡಿದಳು,
ಶರೀಫಾ ಕಲಿಸಿದಂಗ, ಚಂಗನ ಒಳಗ.

ಹಮಾಲ ಕಿಡಕಿ ಜೋಡಿ ಓಡಕೋತ ಬಂದ:
"ಬರೂ ಮುಂದ ನನಗೂ ಒಂದೀಟು ಬರ್ಫ ತರ್ರಿ!"
ಸುಗಲಾ ರೊಟ್ಟಿ ಡಬ್ಬಿ ಎತ್ತಿ ತೋರಿಸಿದಳು,
ಖಾಲಿ ಐತಿ, ತರತೀವಂತ.